ಗ್ವಾನಹ್ವಾತೊದಿಂದ ಅಮ್ಮನಿಗೆ

ಅಮ್ಮ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನಿನ್ನ ಪತ್ರದ ಫೋಟೊ ತಮ್ಮ ಕಳಿಸಿದ. ಅಪ್ಪನ ಕಾಲಿನ ಗಾಯದ ವಿಷಯ ಕೊನೆಯ ಎರಡು ಸಾಲಲ್ಲಿ ಬರೆದಿದ್ದೀಯಲ್ಲ, ಅದನ್ನೇ ನಾಲ್ಕು ಸಲ ಓದಿದೆ.

ಎರಡು ದಿನ ರಜೆ ಸಿಕ್ಕಿತ್ತು. ನಾನಿರುವ ಕೆರೆತಾರೊದಿಂದ ಬಸ್ಸು ಹತ್ತಿ ಮೆಕ್ಸಿಕೊದ ಇನ್ನೊಂದು ಊರು ಗ್ವಾನಹ್ವಾತೊಗೆ ಬಂದಿದ್ದೇನೆ. ಬೆಳ್ಳಿಗಾಗಿ ಸ್ಪೇನಿನವರು ಕಟ್ಟಿದ ಊರು. ಬೆಟ್ಟದ ಸಂದಿಯಲ್ಲಿ ಹಳದಿ, ಕೆಂಪು, ನೀಲಿ ಮನೆಗಳು ಒಂದರ ಹೆಗಲ ಮೇಲೆ ಒಂದು ಕೂತಿವೆ. ಕಾರುಗಳು ಜಾಸ್ತಿ ಓಡುವುದು ನೆಲದ ಕೆಳಗೆ! ಹಿಂದೆ ನದಿ ಹರಿಯುತ್ತಿದ್ದ ಜಾಗವನ್ನೇ ರಸ್ತೆ ಮಾಡಿದ್ದಾರೆ. ಮೇಲೆ ಬರೀ ಓಣಿ, ಮೆಟ್ಟಿಲು. ಒಂದು ಓಣಿ ಎಷ್ಟು ಕಿರಿದು ಅಂದರೆ ಎದುರುಬದುರು ಬಾಲ್ಕನಿಯಲ್ಲಿ ನಿಂತವರು ಮುತ್ತು ಕೊಡಬಹುದು. ಅದರ ಹೆಸರೇ ಮುತ್ತಿನ ಓಣಿ. ಪುಟ್ಟಿಗೆ ಹೇಳು, ನಗುತ್ತಾಳೆ.

ಬೆಳಿಗ್ಗೆ ವಲೆನ್ಸಿಯಾನಾ ಗಣಿಗೆ ಹೋಗಿದ್ದೆ. 18ನೇ ಶತಮಾನದ ಕೊನೆಯಲ್ಲಿ ಜಗತ್ತಿನ ದೊಡ್ಡ ಬೆಳ್ಳಿ ಗಣಿಗಳಲ್ಲಿ ಇದೂ ಒಂದು. ಪಕ್ಕದಲ್ಲೇ 1788ರಲ್ಲಿ ಕಟ್ಟಿ ಮುಗಿಸಿದ ಚರ್ಚು, ಒಳಗಿನ ಮರದ ಕೆತ್ತನೆಗೆಲ್ಲ ಚಿನ್ನದ ಲೇಪ. ಎಲ್ಲ ಗಣಿಯ ದುಡ್ಡು. ಹಳೆಯ ಗಣಿಬಾಯಿ ಒಂದರಲ್ಲಿ ಹೆಲ್ಮೆಟ್ ಹಾಕಿಸಿ ಕೆಳಗಿಳಿಸಿದರು. ಗೋಡೆಗೆ ಕೈ ಇಟ್ಟೆ. ತಣ್ಣಗಿತ್ತು. ಉಳಿ ಏಟಿನ ಗುಳಿಗಳು ಒಂದೊಂದೂ ಬೆರಳಿಗೆ ಸಿಕ್ಕವು. ಹಟ್ಟಿ ಚಿನ್ನದ ಗಣಿಯಲ್ಲಿ ಶಿಫ್ಟ್ ಮುಗಿಸಿ ಬಂದ ಅಪ್ಪನ ಅಂಗಿಗೆ ಇದೇ ವಾಸನೆ ಇರುತ್ತಿತ್ತು ಅಲ್ವಾ? ಒದ್ದೆ ಕಲ್ಲಿನ ವಾಸನೆ. ಅಲ್ಲೇ ನಿಂತುಬಿಟ್ಟೆ. ಆಮೇಲೆ ಊರು ನೋಡಲು ಮನಸ್ಸೇ ಬರಲಿಲ್ಲ.

ಅಮ್ಮ, 'ನೋವಿಲ್ಲ ಬಿಡು' ಅಂತಾರಲ್ಲ ಅಪ್ಪ, ಅದು ನಿಜವೇ ಇರಬಹುದು. ನನಗೆ ಹೆದರಿಕೆ ಆಗಿರುವುದೇ ಅದಕ್ಕೆ. ಸಕ್ಕರೆ ಕಾಯಿಲೆ ಹಳೆಯದಾದರೆ ಕಾಲಿನ ನರ ಮಂದ ಆಗುತ್ತವೆ. ಚಪ್ಪಲಿ ಕಚ್ಚಿದ್ದೂ ಗೊತ್ತಾಗುವುದಿಲ್ಲ. ರಕ್ತ ಸರಿಯಾಗಿ ಹರಿಯದೆ ಗಾಯ ಮಾಯುವುದಿಲ್ಲ. ಮೂರು ವಾರ ಆಯಿತು ಅಂತ ನೀನೇ ಬರೆದಿದ್ದೀಯ. ಇಲ್ಲೂ ಸಕ್ಕರೆ ಕಾಯಿಲೆ ಮನೆಮನೆಯಲ್ಲಿದೆ. ನಮ್ಮ ಮನೆ ಓನರಮ್ಮನ ಗಂಡ ಹೀಗೇ ತಡ ಮಾಡಿ ಎರಡು ಬೆರಳು ಕಳೆದುಕೊಂಡರು. ಅರಿಶಿನ ಹಚ್ಚುತ್ತಾ ಕೂರಬೇಡಿ. ಬಿಸಿನೀರಲ್ಲಿ ಕಾಲು ಇಡಿಸಲೇಬೇಡ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಬರಿಗಾಲಲ್ಲಿ ಹಿತ್ತಲಿಗೂ ಹೋಗುವುದು ಬೇಡ. ಕಳೆದ ಸಲ ಕಾಲು ಮುಟ್ಟದೇ ಮಾತ್ರೆ ಬರೆದುಕೊಟ್ಟರಲ್ಲ, ಅವರ ಹತ್ತಿರ ಮತ್ತೆ ಬೇಡ. ತಮ್ಮನಿಗೆ ಹೇಳಿದ್ದೇನೆ, ನಾಳೆ ಬೆಳಿಗ್ಗೆಯೇ ರಾಯಚೂರಿಗೆ ಕರೆದುಕೊಂಡು ಹೋಗುತ್ತಾನೆ. ದುಡ್ಡು ಅವನ ಖಾತೆಗೆ ಹಾಕಿ ಆಗಿದೆ. ಇದನ್ನು ಅಪ್ಪನಿಗೇ ಓದಿ ಹೇಳು. ಫೋನಲ್ಲಿ ಹೇಳಿದರೆ ಮಾತು ತಿರುಗಿಸುತ್ತಾರೆ.

ನನ್ನ ಚಿಂತೆ ಸ್ವಲ್ಪವೂ ಬೇಡ. ಊಟ ಚೆನ್ನಾಗಿದೆ. ಗಣಿಯವರ ಎಂಚಿಲಾದಾ ಅಂತ ಇಲ್ಲಿನ ತಿಂಡಿ, ಮೆಕ್ಕೆಜೋಳದ ತೆಳು ರೊಟ್ಟಿ, ಕೆಂಪು ಮೆಣಸಿನಕಾಯಿ ಸಾರು, ಮೇಲೆ ಆಲೂಗಡ್ಡೆ, ಕ್ಯಾರೆಟ್. ಹೊಟ್ಟೆ ತುಂಬಾ ತಿಂದೆ. ಊರು ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಸಂಜೆ ಚಳಿ, ಆದರೆ ಸ್ವೆಟರ್ ಇದೆ. ರಾತ್ರಿ ಹತ್ತಾದರೂ ಚೌಕದಲ್ಲಿ ಮಕ್ಕಳು ಆಡುತ್ತಿರುತ್ತವೆ, ಭಯ ಏನಿಲ್ಲ. ಆಫೀಸಿನ ಇಬ್ಬರು ಜೊತೆಗಿದ್ದಾರೆ. ನಿಜವಾಗಲೂ ಆರಾಮಾಗಿದ್ದೇನೆ.

ಬಸ್ಸಿಗೆ ಹೊತ್ತಾಯಿತು, ಕರೆಯುತ್ತಿದ್ದಾರೆ. ಅಜ್ಜಿಗೆ ನಮಸ್ಕಾರ ಹೇಳು. ಡಾಕ್ಟರ್ ಏನಂದರು ಅಂತ ಎಷ್ಟು ಹೊತ್ತಾದರೂ ಫೋನ್ ಮಾಡು, ಎದ್ದಿರುತ್ತೇನೆ.

ನಿನ್ನ ಮಗ