ರಿಂಜಾನಿಗೆ ಬರುವವರು ಓದಿ

ಇಂಡೋನೇಷ್ಯಾದ ಲೊಂಬೋಕ್ ದ್ವೀಪದ ರಿಂಜಾನಿ ನಮ್ಮ ನಂದಿ ಬೆಟ್ಟದ ಹಾಗಲ್ಲ. 3,726 ಮೀಟರ್ ಎತ್ತರ, ಇನ್ನೂ ಜೀವ ಇರುವ ಜ್ವಾಲಾಮುಖಿ. ಸೆಂಬಾಲುನ್ ಹಳ್ಳಿಯಿಂದ ಹತ್ತಿ, ಕುಳಿಯ ಅಂಚಿನಲ್ಲಿ, ಸುಮಾರು 2,600 ಮೀಟರ್‌ನಲ್ಲಿ ಟೆಂಟ್ ಹಾಕುತ್ತೇವೆ. ರಾತ್ರಿ 2 ಗಂಟೆಗೆ ಗೈಡ್ ಎಬ್ಬಿಸುತ್ತಾರೆ, ಆಗ 'ಇನ್ನೈದು ನಿಮಿಷ' ಅನ್ನಬೇಡಿ. ಕೊನೆಯ ಏರು ಪೂರ್ತಿ ಸಡಿಲ ಬೂದಿ, ಜಲ್ಲಿ; ಎರಡು ಹೆಜ್ಜೆ ಇಟ್ಟರೆ ಒಂದು ಕೆಳಕ್ಕೆ ಜಾರುತ್ತದೆ, ಶೂ ಒಳಗೆ ಪುಡಿ ತುಂಬಿ ಬೆರಳೆಲ್ಲ ಉಜ್ಜುತ್ತದೆ, ಅದಕ್ಕೇ ಎತ್ತರದ ಶೂ, ದಪ್ಪ ಸಾಕ್ಸ್ ಇರಲಿ. ತಲೆದೀಪಕ್ಕೆ ಹೊಸ ಸೆಲ್, ಗ್ಲೌಸ್, ಜರ್ಕಿನ್ ಮರೆಯಬೇಡಿ. ಮೇಲೆ ಗಾಳಿ ಜಾಸ್ತಿ, ಬೆವರು ಆರಿದ ತಕ್ಷಣ ಹಲ್ಲು ಕಟಕಟ ಅನ್ನುತ್ತದೆ. ತಲೆನೋವು, ವಾಂತಿ ಬಂದರೆ ಸುಮ್ನೆ ಮುಚ್ಚಿಡಬೇಡಿ, ಗೈಡ್‌ಗೆ ಹೇಳಿ ಇಳಿಯಿರಿ. ಸೆಲ್ಫಿಗೆ ಅಂತ ಅಂಚಿಗೆ ಹೋಗುವುದೂ ಬೇಡ.

ಈ ಭಾನುವಾರ ಸ್ಕಂದಗಿರಿಯಲ್ಲಿ ಅಭ್ಯಾಸ. ಬೆಳಗಿನ ಜಾವ 3ಕ್ಕೆ ಹೆಬ್ಬಾಳ ಫ್ಲೈಓವರ್ ಹತ್ತಿರ ಸೇರೋಣ. ಬರುವವರು ಇವತ್ತೇ ಹೆಸರು ಹಾಕಿ.