ಕೇಪಿನ ಕೋವಿಯ ಗಜಕ್ಕೆ ಎರಡು ಗೀಟು ಹಾಕಿ

ಮಾನ್ಯರೇ,

ಆಯುಧಪೂಜೆ ಬಂತೆಂದರೆ ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಲ್ಲಿ ಕೋವಿ ಕೆಳಗಿಳಿಯುತ್ತದೆ. ತೋಟಾ (ಕಾಟ್ರಿಜ್) ಕೋವಿಯನ್ನು ಮಡಚಿದರೆ ಈಡು, ಅಂದರೆ ತುಂಬಿದ ಮದ್ದು ಗುಂಡು, ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಹಾಗಲ್ಲ. ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪು ಇಲ್ಲವೆಂದ ಮಾತ್ರಕ್ಕೆ ನಳಿಗೆ ಖಾಲಿಯೆಂದು ನಂಬಬಾರದು. ಒಣಗಿರುವ ಕಪ್ಪು ಮದ್ದು ವರ್ಷಗಳ ಮೇಲೂ ಹೊತ್ತಿಕೊಳ್ಳುತ್ತದೆ.

ಈಡು ಜಡಿಯುವ ಉದ್ದನೆಯ ಕೋಲು, ಅಂದರೆ ಗಜವೇ ಇದಕ್ಕೆ ಸಾಕ್ಷಿ. ಗಜವನ್ನು ತಳ ಮುಟ್ಟುವಷ್ಟು ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಬೆರಳು ಹಿಡಿದು ಹೊರತೆಗೆಯಿರಿ. ಅದೇ ಅಳತೆಯಲ್ಲಿ ನಳಿಗೆಯ ಹೊರಮೈಗೆ ಒರಗಿಸಿದಾಗ ತುದಿ ಕೇಪು ಕೂರಿಸುವ ನಿಪ್ಪಲ್ಲಿನ ಹತ್ತಿರ ಬಂದರೆ ನಳಿಗೆ ಖಾಲಿ. ಎರಡು ಮೂರು ಬೆರಳು ಮೇಲೆಯೇ ನಿಂತರೆ ಒಳಗೆ ಏನೋ ಇದೆ. ಗಜದ ಮೇಲೆ ಖಾಲಿ ನಳಿಗೆಯ ಅಳತೆಗೆ ಒಂದು ಗೀಟು, ಯಾವಾಗಲೂ ಹಾಕುವ ಈಡು ಪೂರ್ತಿ ಕುಳಿತಾಗಿನ ಅಳತೆಗೆ ಇನ್ನೊಂದು ಗೀಟು ಹಾಕಿಡಿ. ಈಡು ತುಂಬಿದಾಗ ಎರಡನೇ ಗೀಟು ಬಾಯಿಯಿಂದ ಮೇಲೇ ಉಳಿದರೆ, ಒಂದೋ ಈಡು ಎರಡು ಸಲ ಬಿದ್ದಿದೆ, ಇಲ್ಲವೇ ಗುಂಡು ಮದ್ದಿಗೆ ತಾಗದೆ ನಡುವೆ ಸಿಕ್ಕಿಕೊಂಡಿದೆ. ಎರಡರಲ್ಲೂ ನಳಿಗೆ ಉಬ್ಬಬಹುದು, ಸೀಳಬಹುದು.

ಮದ್ದನ್ನು ಡಬ್ಬಿಯಿಂದ ನೇರವಾಗಿ ಸುರಿಯಲೇಬೇಡಿ. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ. ಬೇರೆ ಅಳತೆ ಬಟ್ಟಲಿಗೆ ಹಾಕಿಕೊಂಡು, ಡಬ್ಬಿ ಮುಚ್ಚಿ ದೂರವಿಟ್ಟು, ಆಮೇಲೆ ತುಂಬಿ. ಒಂದು ಈಡಿಗೂ ಇನ್ನೊಂದಕ್ಕೂ ನಡುವೆ ಒಂದು ನಿಮಿಷ ಬಿಟ್ಟು, ನಳಿಗೆಯೊಳಗೆ ಮೊದಲು ಒದ್ದೆ ಬಟ್ಟೆ, ಬಳಿಕ ಒಣ ಬಟ್ಟೆ ಆಡಿಸಿ. ಜಡಿಯುವಾಗ ನಳಿಗೆಯ ಬಾಯಿ ಮುಖದಿಂದ ಆಚೆ ತಿರುಗಿರಲಿ. ಗಜದ ತಲೆಯ ಮೇಲೆ ಅಂಗೈ ಒತ್ತದೆ, ಬೆರಳುಗಳಲ್ಲಿ ಹಿಡಿದು ಒಂದೊಂದು ಗೇಣಿನಷ್ಟೇ ತಳ್ಳಿ. ಕೇಪು ಹಾಕುವುದು ಕೊಟ್ಟಕೊನೆಗೆ, ಗುರಿಯ ಕಡೆ ತಿರುಗಿದ ಮೇಲೆ.

ತೋಟಾ ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ಚಿಟಿಕೆಯಷ್ಟೂ ಬೆರೆಸಬಾರದು. ಅದರ ಒತ್ತಡವನ್ನು ಈ ನಳಿಗೆಗಳು ತಡೆಯುವುದಿಲ್ಲ. ಸಿಡಿದರೆ ಹೋಗುವುದು ನಳಿಗೆ ಹಿಡಿದ ಕೈ ಮತ್ತು ಕಣ್ಣು.

ಕೇಪು ಸಿಡಿದು ಈಡು ಹಾರದಿದ್ದರೆ ಕೋವಿ ಇಳಿಸಬೇಡಿ. ಗುರಿಯತ್ತಲೇ ಹಿಡಿದು ಅರವತ್ತು ಎಣಿಸಿ, ಆಮೇಲೆ ಕೇಪು ಬದಲಿಸಿ.

ಕಪ್ಪು ಮದ್ದು ಉರಿದು ಉಳಿಯುವ ಕಿಟ್ಟ ನೀರು ಹೀರುತ್ತದೆ. ನಮ್ಮ ಮಳೆಗಾಲದ ಹವೆಗೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿದೀತು. ಈಡು ಹಾರಿಸಿದ ದಿನವೇ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ. ಮತ್ತೆ ಈಡು ತುಂಬುವ ಮುನ್ನ ಎಣ್ಣೆ ಒರೆಸಿ, ನಳಿಗೆ ಖಾಲಿಯೆಂದು ಗಜದಲ್ಲಿ ನೋಡಿಕೊಂಡು, ಬಾಯಿಯನ್ನು ನೆಲದ ಮೇಲಿನ ತರಗೆಲೆಯತ್ತ ಹಿಡಿದು ಬರೀ ಕೇಪು ಹೊಡೆಯಿರಿ. ತರಗೆಲೆ ಅಲುಗಿದರೆ ನಿಪ್ಪಲ್ಲಿನ ತೂತು ತೆರೆದಿದೆ. ಅಲುಗದಿದ್ದರೆ ಎಣ್ಣೆಯೋ ಕಿಟ್ಟವೋ ಕಟ್ಟಿದೆ.

ಪರವಾನಗಿ ನವೀಕರಣಕ್ಕೆ, ಚುನಾವಣೆ ಕಾಲದ ಠೇವಣಿಗೆ ಈ ಕೋವಿಗಳು ಠಾಣೆಗೆ ಬರುತ್ತವೆ. ನಂಬರ್ ಬರೆದುಕೊಳ್ಳುವ ಮುನ್ನ ಗಜ ಇಳಿಸಿ ನೋಡುವ ಪದ್ಧತಿಯನ್ನು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಎಲ್ಲ ಠಾಣೆಗಳಲ್ಲೂ ಕಡ್ಡಾಯ ಮಾಡಬೇಕೆಂದು ಎರಡೂ ಜಿಲ್ಲಾಡಳಿತಗಳನ್ನು ಕೋರುತ್ತೇವೆ.

– ಪರವಾನಗಿ ಹೊಂದಿರುವ ಬೆಳೆಗಾರರು, ಮೂಡಿಗೆರೆ ತಾಲ್ಲೂಕು