ಪೆನ್ಸಿಲ್ ತಗೊಂಡು ಹೋಗು

ಚಿತ್ರದುರ್ಗ, ಭಾನುವಾರ

ಪ್ರೀತಿಯ ತಂಗಿ,

ನಿನ್ನ ಕಾಗದ ತಲುಪಿತು. ವಿಶ್ವವಿದ್ಯಾಲಯದಲ್ಲಿ ಹಳೇ ಕಾಗದಪತ್ರ ಇಟ್ಟಿರುವ ವಿಶೇಷ ಸಂಗ್ರಹದಲ್ಲಿ ಎರಡು ದಿನ ಕೂತು, ಕಾದಂಬರಿಗೆ ಏನೂ ಸಿಗದೆ ಬರಿಗೈಲಿ ದಾವಣಗೆರೆಗೆ ವಾಪಸ್ ಬಂದೆ ಅಂತ ಬರೆದಿದ್ದೀಯ. ಸೂಚಿಯಲ್ಲಿ ಏನಂತ ಹುಡುಕಿದೆ? ‘ದಾವಣಗೆರೆ, ಹತ್ತಿ ಗಿರಣಿ’ ಅಂತ ತಾನೇ? ಅಲ್ಲೇ ಎಡವಿದ್ದೀಯ.

ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ಅದಕ್ಕೆ ಮುಂಚಿನ ಎಷ್ಟೋ ಕಾಗದಪತ್ರ ನಮ್ಮ ದುರ್ಗದ ಹೆಸರಲ್ಲೇ ಇರುತ್ತವೆ. ಹಳೇ ಇಂಗ್ಲಿಷ್ ದಾಖಲೆಗಳಲ್ಲಾದರೆ ‘ಚಿತಲ್‌ಡ್ರೂಗ್’ ಅಂತ ಹುಡುಕಬೇಕು. ಇನ್ನೂ ಒಂದಿದೆ. ಖಾಸಗಿ ಕಾಗದಗಳು ಯಾರ ಮನೆಯಿಂದ ಬಂದವೋ ಅವರ ಹೆಸರಲ್ಲಿ ಇರುತ್ತವೆ. ಆದಷ್ಟೂ ಅವರು ಇಟ್ಟುಕೊಂಡಿದ್ದ ಕ್ರಮದಲ್ಲೇ. ಹಾಗಾಗಿ ಗಿರಣಿಯನ್ನು ಬಿಡು. ಹತ್ತಿ ದಲಾಲರು, ಕೂಲಿಯವರ ಕೇಸು ನಡೆಸಿದ ವಕೀಲರು, ಕೂಲಿಯವರ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು, ಇಂಥವರ ಪೆಟ್ಟಿಗೆ ಕೇಳು.

ಪೆಟ್ಟಿಗೆ ಬಂದ ಮೇಲೆ ಮೊದಲ ಹಾಳೆಯಿಂದ ಓದು. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ತಗೊಂಡು ಹೋಗು. ನಿನಗೆ ಬೇಕಾದ್ದನ್ನಷ್ಟೇ ಹೆಕ್ಕಬೇಡ. ನಾನು ಹೆಕ್ಕಿ ಕೆಟ್ಟಿದ್ದೇನೆ. ಒಬ್ಬ ಮೇಷ್ಟ್ರ ಕಟ್ಟಿನಲ್ಲಿ ಮಗಳ ಮದುವೆ ಖರ್ಚಿನ ಚೀಟಿ, ಅದರ ಕೆಳಗೆ ಸಾಲದ ಪತ್ರ, ಅದರ ಕೆಳಗೆ ಅರ್ಧ ಬರೆದ ಪದ್ಯ ಇತ್ತು. ನಾನು ಪದ್ಯ ಮಾತ್ರ ಬರೆದುಕೊಂಡು ಬಂದೆ. ಅದು ಯಾಕೆ ಅರ್ಧಕ್ಕೆ ನಿಂತಿತು ಅಂತ ಹೊಳೆಯೋಕೆ ವರ್ಷಗಳೇ ಬೇಕಾದವು. ಅಷ್ಟರಲ್ಲಿ ನನ್ನ ಲೇಖನ ಅಚ್ಚಾಗಿಹೋಗಿತ್ತು!

ನಾವು ಫೈಲಿಗೆ ಕಡತ ಅಂತೀವಲ್ಲ, ಹಳೇ ಕಡತ ನೋಡಿದ್ದೀಯಾ? ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಕಪ್ಪಗೆ ಮಾಡಿ ಮಡಿಚಿಡುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಲೆಕ್ಕ. ಬೇಡದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಕಾಗದದ ಕಟ್ಟನ್ನೂ ಹಾಗೇ ನೋಡು. ಯಾರೋ ಒರೆಸಿ, ಹರಿದು, ಒಲೆಗೆ ಹಾಕಿ ಉಳಿದದ್ದು ನಿನ್ನ ಕೈಲಿರುತ್ತದೆ. ಗಂಡಸರ ಕಟ್ಟುಗಳಲ್ಲಿ ಹೆಂಗಸರ ಕಾಗದ ಕಮ್ಮಿ. ಹಾಳೆಗಳ ಬೆನ್ನು ತಿರುಗಿಸಿ ನೋಡು. ಹಾಲಿನ ಲೆಕ್ಕವೋ, ಅಗಸರಿಗೆ ಕೊಟ್ಟ ಬಟ್ಟೆಯ ಲೆಕ್ಕವೋ ಸಿಕ್ಕರೆ, ಅದು ಆ ಮನೆಯಾಕೆಯ ಕೈಬರಹ ಇದ್ದೀತು. ನನಗಂತೂ ದೊಡ್ಡವರ ಭಾಷಣದ ಕರಡಿಗಿಂತ ಅದೇ ಜಾಸ್ತಿ ಇಷ್ಟ.

ಇನ್ನು ಕಾಗದ ಸಿಕ್ಕಿತು ಅಂತ ಹಾಗೇ ಎತ್ತಿ ಅಚ್ಚು ಹಾಕಿಸಬೇಡ. ಹಾಳೆ ವಿಶ್ವವಿದ್ಯಾಲಯದ್ದಾಗಿರಬಹುದು. ಅದರಲ್ಲಿನ ಮಾತಿನ ಹಕ್ಕು ಬರೆದವರದ್ದು, ಅವರ ನಂತರ ವಾರಸುದಾರರದ್ದು. ಪ್ರಕಟವಾದ ಪುಸ್ತಕಕ್ಕೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕಿರುತ್ತದೆ. ಎಂದೂ ಅಚ್ಚಾಗದ ಪತ್ರದ ವಿಷಯ ಇನ್ನೂ ತೊಡಕು. ಕಾನೂನು ಹಾಗಿರಲಿ, ಒಮ್ಮೆ ನಾನು ಯಾರದೋ ಪತ್ರದ ಎರಡು ಸಾಲು ಕೇಳದೆ ಬಳಸಿದೆ. ಅದನ್ನು ಬರೆದಾಕೆಯ ಮಗ ಮನೆಗೆ ಬಂದರು. ಜಗಳ ಆಡಲಿಲ್ಲ. ‘ನಮ್ಮಮ್ಮ ಇದನ್ನ ನಮಗೂ ಹೇಳಿರಲಿಲ್ಲ’ ಅಂದು, ಕೊಟ್ಟ ಕಾಫಿ ಕುಡಿಯದೆ ಎದ್ದು ಹೋದರು.

ಇನ್ನೊಂದು ಸಲ ಹೋಗಿ ಬಾ. ಬರುವಾಗ ದುರ್ಗದಲ್ಲಿ ಇಳಿ. ನನ್ನ ಅಟ್ಟದ ಮೇಲೂ ಎರಡು ಟ್ರಂಕು ಕಾಗದ ಇವೆ. ಸಂಗ್ರಹಕ್ಕೆ ಕೊಡಿ ಅಂತ ಕೇಳುತ್ತಿದ್ದಾರೆ. ಕೆಲವನ್ನು ಸುಟ್ಟುಬಿಡಬೇಕು ಅಂತ ನನಗೂ ಅನ್ನಿಸುತ್ತಿದೆ, ನಿನಗೆ ಇಷ್ಟೆಲ್ಲ ಹೇಳಿದ ಮೇಲೂ. ತುಕ್ಕು ಹಿಡಿದ ಗುಂಡುಪಿನ್ನು ಬಿಡಿಸೋಕೆ ಒಬ್ಬರು ಬೇಕು. ಮಂಡಕ್ಕಿ ತಗೊಂಡು ಬಾ.

ಇತಿ,
ನಿನ್ನ ಅಕ್ಕ